ಎರಡನೇ ಸಲ ಯಾರನ್ನು ಕೇಳುತ್ತಾರೆ?

೧

ಈ ಕಥೆಯನ್ನು ಯಾರಿಂದ ಶುರು ಮಾಡುವುದು? ಪ್ರಶ್ನೆ ಸಣ್ಣದಲ್ಲ. ಮೊದಲ ಸಾಲಿನಲ್ಲಿ ಯಾರ ಹೆಸರು ಬರುತ್ತದೋ ಎರಡನೆಯದರಲ್ಲೂ ಅವನದೇ ಬರುತ್ತದೆ. ಪುಟ ಮುಗಿಯುವಾಗ ಅವನು ನಾಯಕನಾಗಿ ಕಾಲು ಚಾಚಿ ಕೂತಿರುತ್ತಾನೆ, ಉಳಿದವರು ಅವನಿಗೆ ನೀರು ತಂದುಕೊಡುತ್ತಿರುತ್ತಾರೆ. ರುಕ್ಮಯ್ಯ ಗೌಡರಿಂದ ಶುರುವಾದ ಒಂದು ಡ್ರಾಫ್ಟನ್ನು ಆಗಲೇ ಹರಿದು ಹಾಕಿದೆ. ಅವರಿಂದ ಶುರುವಾದ ಸಂಗತಿಗಳು ಆ ಊರಲ್ಲಿ ಬೇಕಾದಷ್ಟಿವೆ.

ಹಾಗಾಗಿ ಚನಿಯಪ್ಪ ಮಾಸ್ಟ್ರು. ೧೯೫೯ನೇ ಇಸವಿ, ಗುರುವಾಯನಕೆರೆ ಹತ್ತಿರದ ಒಂದು ಹೈಸ್ಕೂಲು (ಹುಡುಕಿಕೊಂಡು ಹೋಗಬೇಡಿ, ಅದನ್ನು ಕಟ್ಟಿಸಿದ್ದು ನಾನೇ), ಅಲ್ಲಿ ಇವರು ಗಣಿತ ಹೇಳುವವರು. ಇವರ ಅಪ್ಪ ರುಕ್ಮಯ್ಯ ಗೌಡರ ಗದ್ದೆಯ ಒಕ್ಕಲು. ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟರೂ ಅದೇ ಗೌಡರು. ಹಳೆಯ ಹೆಡ್‌ಮಾಸ್ಟ್ರು ರಿಟೈರಾಗುತ್ತಿದ್ದರು, ಸರ್ವಿಸಿನಲ್ಲಿ ಮುಂದಿನವರು ಚನಿಯಪ್ಪ. ಆ ಕುರ್ಚಿ ಇವರಿಗೆ ಬೇಕಿತ್ತು. ತುಂಬಾ ಬೇಕಿತ್ತು. ಹೀಗೆ ಬರೆದದ್ದಕ್ಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ.

"ಬೇಕು ಅಂತ ನಾನು ಯಾರ ಹತ್ರ ಹೇಳಿದ್ದೇನೆ ಮಾರಾಯ್ರೇ?"

ಯಾರ ಹತ್ತಿರವೂ ಹೇಳಲಿಲ್ಲ. ನನ್ನ ಸಂಕಟವೂ ಅದೇ.

೨

(ಇಲ್ಲಿ ಸ್ವಲ್ಪ ಗಣಿತ. ಓಡಬೇಡಿ.)

ಮಾಸ್ಟ್ರು ಕ್ಲಾಸಿನಲ್ಲಿ ಒಂದು ಆಟ ಆಡಿಸುತ್ತಿದ್ದರು. ಖಾಲಿ ಚಾಕ್ ಡಬ್ಬಿಗೆ ಪ್ರತಿಯೊಬ್ಬನ ಹೆಸರಿನದೂ ಒಂದೊಂದು ಚೀಟಿ. ಕಣ್ಣುಮುಚ್ಚಿ ಒಂದನ್ನು ಎತ್ತುವುದು. ಯಾರ ಹೆಸರು ಬಂತೋ ಅವನ ಚೀಟಿ ವಾಪಸು ಹಾಕಿ, ಅವನದೇ ಇನ್ನೊಂದನ್ನೂ ಸೇರಿಸುವುದು. ಮತ್ತೆ ಎತ್ತುವುದು. ಗಂಟೆ ಬಾರಿಸುವ ಹೊತ್ತಿಗೆ ಡಬ್ಬಿಯ ತುಂಬ ಒಬ್ಬಿಬ್ಬರದೇ ಹೆಸರು. ಮರುದಿನ ಹೊಸತಾಗಿ ಶುರು ಮಾಡಿದರೆ ಬೇರೆ ಯಾರೋ ಮೇಲೆ. ಆದರೆ ಒಬ್ಬ ಮೇಲೆ ಬರುವುದು ತಪ್ಪುವುದಿಲ್ಲ.

"ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ನಮಸ್ಕಾರ ಬೀಳ್ತದೆ? ನಿನ್ನೆ ಬಿದ್ದವನಿಗೇ," ಎನ್ನುತ್ತಿದ್ದರು ಮಾಸ್ಟ್ರು. ಇದನ್ನು ಸಮೀಕರಣ ಮಾಡಿ ಮೂಡುಬಿದಿರೆಯ ಶಿಕ್ಷಕರ ಸಭೆಯಲ್ಲಿ ಓದುವ ಆಸೆಯೂ ಇತ್ತು. ಮೇಲೆ ಕೂತವನಿಗೆ ಕೋಡೇನೂ ಇಲ್ಲ, ಅವನ ಚೀಟಿ ಮೊದಲು ಬಂತು ಅಷ್ಟೇ ಎಂದು ಸಾಧಿಸಬೇಕಿತ್ತು ಅವರಿಗೆ. ಒಕ್ಕಲಿನ ಮಗ ಇನ್ನೇನನ್ನು ಸಾಧಿಸಿಯಾನು?

೩

ಗೌಡರು ಕರೆಸಿದರು. ಚಾವಡಿಯಲ್ಲಿ ಒಂದೇ ಕುರ್ಚಿ ಖಾಲಿ ಇತ್ತು.

"ಕೂತ್ಕೊಳ್ಳಿ ಮಾಸ್ಟ್ರೇ."

"ಪರ್ವಾಗಿಲ್ಲ ಧಣಿ, ಇಲ್ಲೇ ಆದೀತು."

(ನಮ್ಮ ಕಡೆಯ ಮರ್ಯಾದೆ ಗೊತ್ತಿಲ್ಲದವರಿಗೆ: ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಚಾ ಬೇಕಾ? ಬೇಡ, ಈಗಷ್ಟೇ ಆಯ್ತು. ಎರಡನೇ ಸಲ ಒತ್ತಾಯ ಮಾಡುತ್ತಾರೆ, ಆಗ ಲೋಟ ಹಿಡಿಯುವುದು. ಮೊದಲ ಸಲಕ್ಕೇ ಹೂಂ ಅಂದವನು ಆಸೆಬುರುಕ.)

ಎರಡನೇ ಸಲ ಗೌಡರು ಹೇಳಲಿಲ್ಲ. ಮಾಸ್ಟ್ರು ಮೆಟ್ಟಿಲ ಮೇಲೆ ಕೂತರು, ಅಪ್ಪ ಕೂರುತ್ತಿದ್ದ ಮೆಟ್ಟಿಲು.

"ಮಕ್ಕಳಿಗೆ ಎಂತದೋ ಚೀಟಿ ಆಟ ಕಲಿಸ್ತೀರಂತೆ?"

ಮಾಸ್ಟ್ರು ವಿವರಿಸಿದರು. ಗೌಡರ ಮುಖ ಅರಳಿತು. "ಅಂದ್ರೆ ನಾನು ಇಲ್ಲಿ ಕೂತದ್ದು ಯಾರ ತಪ್ಪೂ ಅಲ್ಲ ಅಂತ ಲೆಕ್ಕದಲ್ಲೇ ಉಂಟು! ಭೇಷ್!"

ಕ್ಲಾಸಿನಲ್ಲಿ ಎಲ್ಲರದೂ ಒಂದೊಂದೇ ಚೀಟಿ ಧಣಿ, ನಿಮ್ಮ ಮನೆಯವರದು ಆಟ ಶುರುವಾಗುವ ಮೊದಲೇ ಡಬ್ಬಿ ತುಂಬ ಇತ್ತು. ಈ ಮಾತು ಮಾಸ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಕೆಲಸದ ಆಸೆಗೆ ನುಂಗಿಕೊಂಡರು.

"ಹೆಡ್‌ಮಾಸ್ಟ್ರು ನೀವೇ ಆಗಬಹುದಲ್ಲ?"

"ಅಯ್ಯೋ, ನಾನು ಎಂತದು ಧಣಿ. ದೊಡ್ಡವರು ಇದ್ದಾರೆ."

ಹೇಳಿ ಕಾದರು. ಗೌಡರು ಎದ್ದು ಅಂಗಳಕ್ಕೆ ಎಲೆ ಅಡಿಕೆ ಉಗಿದು ಬಂದರು.

"ನಿಮಗೆ ಮನಸ್ಸಿಲ್ಲದಿದ್ರೆ ಬೇಡ. ನಾನು ಒತ್ತಾಯ ಮಾಡುವವನಲ್ಲ."

ಕೆಲಸ ಗೌಡರ ತಂಗಿಯ ಮಗ ಸುಬ್ಬಪ್ಪನಿಗೆ ಹೋಯಿತು. ಅವನೂ ಮೊದಲು ಬೇಡ ಎಂದನಂತೆ. ಅವನಿಗೆ ಒತ್ತಾಯ ನಡೆಯಿತು.

೩, ಮತ್ತೊಮ್ಮೆ

ನನಗೆ ತಡೆಯಲಿಲ್ಲ, ತಿದ್ದಿದೆ. ಈ ಸಲ ಮಾಸ್ಟ್ರು ಮೊದಲ ಸಲಕ್ಕೇ "ಆಗ್ತೇನೆ" ಎಂದರು. ಗೌಡರು ನಕ್ಕು, "ನಿಮ್ಮ ಅಪ್ಪ ಹೀಗಿರಲಿಲ್ಲ" ಎಂದರು. ಕೆಲಸ ಸುಬ್ಬಪ್ಪನಿಗೇ ಹೋಯಿತು.

ಇನ್ನೊಂದು ಡ್ರಾಫ್ಟಿನಲ್ಲಿ ಗೌಡರ ಬಾಯಲ್ಲೇ ಎರಡನೇ ಸಲ ಕೇಳಿಸಲು ಹೋದೆ. ಅವರು ನನ್ನ ಕಡೆ ತಿರುಗಿದರು. "ಒಕ್ಕಲಿನವನನ್ನು ನಾನು ಎರಡೆರಡು ಸಲ ಕೇಳ್ಬೇಕಾ? ನೀವು ಯಾವ ಊರಿನವರು?"

(ನಾಯಕ ಎಂದು ಮಾಸ್ಟ್ರ ಚೀಟಿಯನ್ನು ನಾನೇ ಮೊದಲು ಎತ್ತಿದ್ದೆ. ಏನೂ ಉಪಯೋಗವಾಗಲಿಲ್ಲ.)

೫

(ನಾಲ್ಕರಲ್ಲಿ ಮಾಸ್ಟ್ರು ಮೂಡುಬಿದಿರೆಗೆ ಹೋಗಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಓದಿ ನನಗೇ ನಾಚಿಕೆಯಾಯಿತು, ತೆಗೆದೆ.)

ಮನೆಗೆ ಬಂದ ಮಾಸ್ಟ್ರು ಗೌಡರ ವಂಶವನ್ನೇ ಬೈದರು. ಹೆಂಡತಿ ರಾಜೀವಿ ಬಡಿಸುತ್ತಾ ಕೇಳುತ್ತಿದ್ದಳು. ಇಲ್ಲಿಯವರೆಗೆ ಅವಳ ಹೆಸರನ್ನೂ ನಾನು ಹೇಳಿರಲಿಲ್ಲ. ಅವರು ಆಡಿದ್ದು ತುಳುವಿನಲ್ಲಿ, ಬೈಗುಳ ಅದರಲ್ಲಿ ಇನ್ನೂ ಚೆನ್ನಾಗಿತ್ತು.

"ಒಮ್ಮೆ ಬೇಡ ಅಂದ್ರೆ ಮುಗೀತಾ? ಮನುಷ್ಯನಾದವ ಇನ್ನೊಂದು ಸಲ ಕೇಳುದಿಲ್ವಾ?"

"ಬೈದು ಆಯ್ತಾ?" ಎಂದಳು ರಾಜೀವಿ. "ಮದುವೆಯಾದ ವರ್ಷ ನೀವು ನನ್ನನ್ನು ಕೇಳಿದ್ರಿ, ಮಂಗಳೂರಿಗೆ ಟೀಚರ್ ಟ್ರೈನಿಂಗಿಗೆ ಹೋಗ್ತೀಯಾ ಅಂತ. ನನಗ್ಯಾಕೆ ಅದೆಲ್ಲ ಅಂದೆ. ಆಮೇಲೆ?"

ಮಾಸ್ಟ್ರು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದರು.

"ನಿನಗೆ ಮನಸ್ಸಿಲ್ಲ ಅಂತ ಗ್ರಹಿಸಿದೆ."

"ಗೌಡ್ರು ಗ್ರಹಿಸಿದ್ದೂ ಹಾಗೆಯೇ."

ಮಾಸ್ಟ್ರು ಬಾಯಿ ತೆರೆದಿದ್ದಾರೆ. ಈಗಲಾದರೂ ಕೇಳುತ್ತಾರೋ, ಸಾರು ಹಾಕು ಎನ್ನುತ್ತಾರೋ, ನಾನು ಬರೆಯುವುದಿಲ್ಲ. ನಾನು ಹೇಳಿಕೊಟ್ಟು ಕೇಳಿಸಿದರೆ ಅದು ಕೇಳಿದಂತಾಗುವುದಿಲ್ಲ. ರಾಜೀವಿ ಸೌಟು ಹಿಡಿದುಕೊಂಡು ನಿಂತಿದ್ದಾಳೆ, ಅನ್ನ ಆರುತ್ತಿದೆ.