ಲೆಕ್ಕವಿಡದ ಲಿಂಕ್

ಬೆಳಿಗ್ಗೆ ಕಚೇರಿಗೆ ಬಂದವಳೇ ದೊಡ್ಡಕ್ಕ ಮೊದಲು ಮಾಡುತ್ತಿದ್ದ ಕೆಲಸ ಹಾಜರಿ ನೋಡುವುದು. ಹಾಜರಿ ಎಂದರೆ ಪುಸ್ತಕದ್ದಲ್ಲ, ಕಂಪ್ಯೂಟರಿನದು. ಮನೆಯಲ್ಲಿ ಏಟು ತಿನ್ನುವ ಹೆಂಗಸರಿಗೆ ದಾರಿ ತೋರಿಸುವ ಸಣ್ಣ ಸಂಸ್ಥೆ ಅದು. ಹೊಲಿಗೆ ತರಗತಿಯ ಮೇಲಿನ ಎರಡು ಕೋಣೆಗಳೇ ಅದರ ಕಚೇರಿ. ಮನೆ ಬಿಟ್ಟು ಹೊರಡುವುದಾದರೆ ಯಾವ ಕಾಗದಪತ್ರ ಜೊತೆಗಿರಬೇಕು, ಯಾರಿಗೆ ಫೋನ್ ಮಾಡಬೇಕು, ಉಳಿಯಲು ಎಲ್ಲಿ ಜಾಗವಿದೆ ಎಂಬುದನ್ನೆಲ್ಲ ಒಂದು ವೆಬ್ ಪುಟದಲ್ಲಿ ಹಾಕಿದ್ದರು. ಮೇಲೆ ನೋಡಿದರೆ ಹೊಲಿಗೆ ಪಾಠ, ಕೆಳಗೆ ಇಳಿದರೆ ಮಾತ್ರ ನಿಜವಾದ ವಿಷಯ.

ಆ ಪುಟದ ವಿಳಾಸವೋ ಹನುಮಂತನ ಬಾಲ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಫೋನಿನಲ್ಲಿ ತಪ್ಪಿಲ್ಲದೆ ಒತ್ತುವುದು ಆಗದ ಮಾತು. ಹಾಗಾಗಿ ದೊಡ್ಡಕ್ಕ ಲಿಂಕನ್ನು ಚಿಕ್ಕದು ಮಾಡಿಕೊಡುವ ಒಂದು ಸೈಟ್ ಹುಡುಕಿಕೊಂಡಿದ್ದಳು. ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಪೈಕಿ ಅವಳು. ಒಬ್ಬೊಬ್ಬ ಹೆಂಗಸಿಗೂ ಬೇರೆ ಲಿಂಕ್, ಅದರ ತುದಿಗೆ ಆ ಹೆಂಗಸೇ ಆರಿಸಿದ ಒಂದು ಪದ. ಒಬ್ಬಳು ಕತ್ತರಿ, ಒಬ್ಬಳು ದಾರ, ಒಬ್ಬಳು ಸೂಜಿ. ತರಗತಿಯ ಅಳತೆ ಚೀಟಿಯ ಹಿಂದೆ ಬರೆದುಕೊಟ್ಟರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಯಾರು ಎಷ್ಟು ಹೊತ್ತಿಗೆ ತೆರೆದರು ಎಂಬುದು ದೊಡ್ಡಕ್ಕನ ಪರದೆಯ ಮೇಲೆ ಬಂದು ಕೂತಿರುತ್ತಿತ್ತು. ಈ ಏರ್ಪಾಡಿನ ಬಗ್ಗೆ ಅವಳಿಗೆ ಜಂಬ ಇರಲಿಲ್ಲ ಎಂದರೆ ಸುಳ್ಳಾದೀತು.

ಅವಳಿಗೆ ಚಿಂತೆ ಇದ್ದದ್ದು ಸೂಜಿಯದು. ಎರಡು ತಿಂಗಳ ಹಿಂದೆ ಗಂಡ ಅವಳನ್ನು ತರಗತಿಯಿಂದ ಬಿಡಿಸಿದ್ದ. ಸ್ವಂತ ಫೋನಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಆದರೂ ಪ್ರತಿ ಮಂಗಳವಾರ ಮಧ್ಯಾಹ್ನ ಮೂರೂಕಾಲಿಗೆ, ಅತ್ತೆ ಮಲಗಿದ ಹೊತ್ತಿನಲ್ಲಿ, ಅತ್ತೆಯ ಫೋನಿನಿಂದ ಲಿಂಕ್ ತೆರೆಯುತ್ತಿದ್ದಳು. ಸೂಜಿಯ ಎದುರಿನ ಅಂಕಿ ಒಂದು ಏರಿತೆಂದರೆ ಆ ವಾರ ಅವಳು ಬದುಕಿದ್ದಾಳೆ ಎಂದರ್ಥ. ದೊಡ್ಡಕ್ಕ ಆಮೇಲೆಯೇ ಊಟದ ಡಬ್ಬಿ ಬಿಚ್ಚುತ್ತಿದ್ದಳು.

ಒಂದು ಶುಕ್ರವಾರ, ದೊಡ್ಡಕ್ಕ ಮನೆಯಲ್ಲಿ ಮರೆತುಬಂದ ಕನ್ನಡಕ ಕೊಡಲು ಓರಗಿತ್ತಿ ಕಚೇರಿಗೆ ಬಂದಳು. ಮೈದುನನ ಹೆಂಡತಿ, ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು ಹದಿನೆಂಟು ವರ್ಷವಾದರೂ ಸಾರಿಗೆ ಉಪ್ಪು ಎಷ್ಟು ಎಂಬುದರಲ್ಲಿ ಇನ್ನೂ ಒಮ್ಮತವಿಲ್ಲ. ಕನ್ನಡಕ ಕೊಟ್ಟು ಹೋಗಬೇಕಾದವಳು ಪರದೆಗೆ ಮೂಗು ತಾಗಿಸಿ ನಿಂತಳು.

"ಅಕ್ಕ, ಇದನ್ನ ನೀವೊಬ್ರೇ ನೋಡ್ತೀರಾ?"

"ಮತ್ತಿನ್ಯಾರು? ಪಾಸ್‌ವರ್ಡ್ ಇದೆ. ನನ್ನ ಬಿಟ್ರೆ ನರಪಿಳ್ಳೆಗೂ ಗೊತ್ತಿಲ್ಲ."

ಓರಗಿತ್ತಿ ಸೂಜಿಯ ಲಿಂಕನ್ನು ತನ್ನ ಫೋನಿನಲ್ಲಿ ಒತ್ತಿದಳು, ತುದಿಗೆ ಒಂದು ಪ್ಲಸ್ ಗುರುತು ಸೇರಿಸಿದಳು, ಫೋನನ್ನು ದೊಡ್ಡಕ್ಕನ ಮುಂದೆ ಹಿಡಿದಳು. ಎಷ್ಟು ಸಲ ತೆರೆದದ್ದು, ಯಾವ ವಾರ, ಎಷ್ಟು ಗಂಟೆ, ಯಾವ ಊರು, ಯಾವ ಕಂಪನಿಯ ಫೋನು, ಎಲ್ಲ ಸಾಲಾಗಿ ಅಲ್ಲಿತ್ತು. ಪಾಸ್‌ವರ್ಡ್ ಕೇಳಲೇ ಇಲ್ಲ.

"ಚೀಟಿ ಯಾರ ಕೈಗೆ ಸಿಕ್ರೂ ಇಷ್ಟೂ ಕಾಣ್ಸತ್ತೆ ಅಕ್ಕ. ಪುಕ್ಕಟೆ ಸೈಟು ಬದುಕೋದೇ ಇದ್ರ ಮೇಲೆ."

ದೊಡ್ಡಕ್ಕ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಮಂಗಳವಾರ, ಮೂರೂಕಾಲು, ಅತ್ತೆಯ ಫೋನು. ಸೂಜಿಯ ಗಂಡನಿಗೆ ಅವಳನ್ನು ಹಿಡಿಯಲು ಬೇರೇನೂ ಬೇಕಾಗಿರಲಿಲ್ಲ. ಹಾಲಿಗೆ ಬೆಕ್ಕನ್ನು ಕಾವಲಿಟ್ಟು ತಾನು ಇಷ್ಟು ದಿನ ಜಂಬಪಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ಇಬ್ಬರೂ ಬೇರೆ ಸೈಟ್ ಆರಿಸಲು ಕೂತರು. ಮೊದಲನೆಯದು ನಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿತ್ತು. ಓರಗಿತ್ತಿ ಅದನ್ನು ಕೂತಲ್ಲೇ ತಳ್ಳಿಹಾಕಿದಳು. ಒಳಗೇನು ನಡೆಯುತ್ತದೆಂದು ತೋರಿಸದವರ ಮಾತು ನಂಬುವುದು ಹೇಗೆ? ಎರಡನೆಯದು ಓಪನ್ ಸೋರ್ಸ್.

"ಹಂಗಂದ್ರೆ?" ಎಂದಳು ದೊಡ್ಡಕ್ಕ.

"ಅಂಗಡೀಲಿ ಬಟ್ಟೆ ತಿರುವಿ ಒಳಹೊಲಿಗೆ ನೋಡ್ತೀರಲ್ಲ, ಹಾಗೆ. ಇದನ್ನ ಯಾರು ಬೇಕಾದ್ರೂ ತಿರುವಿ ನೋಡ್ಬಹುದು. ಆದ್ರೆ ತೆರೆದವ್ರ ಲೆಕ್ಕ ಇಡೋದನ್ನ ಇದು ನಿಲ್ಸಲ್ಲ."

ಮೂರನೆಯದೂ ಓಪನ್ ಸೋರ್ಸ್, ತಮ್ಮ ಸೈಟಿನ ಜೊತೆಗೇ ಹಾಕಿಕೊಳ್ಳಬಹುದು, ಲೆಕ್ಕ ಇಡುವುದನ್ನು ಪೂರ್ತಿ ನಿಲ್ಲಿಸಬಹುದು. ದೊಡ್ಡಕ್ಕ ಅದಕ್ಕೆ ತಲೆಯಾಡಿಸಿದಳು, ಆಮೇಲೆ ಮೆಲ್ಲಗೆ ರಾಗ ತೆಗೆದಳು.

"ಇದೇ ಇರ್ಲಿ. ಲೆಕ್ಕ ಮಾತ್ರ ನನಗೊಬ್ಬಳಿಗೆ ಕಾಣೋ ಹಾಗೆ ಇಟ್ಬಿಡು."

"ಅಕ್ಕ!"

"ಏನು ಅಕ್ಕ? ನೆಗಡಿ ಬಂತು ಅಂತ ಮೂಗು ಕುಯ್ಕೋತಾರಾ? ಆ ಹುಡುಗಿ ಸತ್ತಳೋ ಬದುಕಿದಾಳೋ ನನಗೆ ಗೊತ್ತಾಗೋದು ಬೇಡ್ವಾ?"

"ಬರೆದಿಟ್ಟದ್ದು ಒಂದಿನ ಯಾರ್ದೋ ಕಣ್ಣಿಗೆ ಬಿದ್ದೇ ಬೀಳತ್ತೆ. ನಾಳೆ ಅವಳ ಗಂಡ ಕೋರ್ಟಿಂದ ಯಾವ್ದೋ ಕಾಗದ ಮಾಡಿಸ್ಕೊಂಡು ಬಂದು ಕೊಡಿ ಅಂದ್ರೆ ಏನ್ಮಾಡ್ತೀರಾ? ಇಲ್ದೇ ಇರೋದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ."

ದೊಡ್ಡಕ್ಕ ಮುಖ ಊದಿಸಿಕೊಂಡೇ ಒಪ್ಪಿದಳು. ಓರಗಿತ್ತಿ ಹೇಳುವುದು ಸರಿಯಾಗಿದ್ದಾಗಲೇ ಅವಳಿಗೆ ಹೆಚ್ಚು ಕೋಪ ಬರುತ್ತಿತ್ತು.

ಉಳಿದ ಹೆಂಗಸರಿಗೆ ಸೋಮವಾರವೇ ಹೊಸ ಚೀಟಿಗಳು ಕೈ ಸೇರಿದವು. ಸೂಜಿಗೆ ತಲುಪಿಸುವುದು ಹೇಗೆ? ಇನ್ನೊಂದು ಮಂಗಳವಾರದ ಮಟ್ಟಿಗೆ ಅವಳ ಹಳೆಯ ಲಿಂಕನ್ನೇ ಹೊಸ ಪುಟಕ್ಕೆ ತಿರುಗಿಸಿದರು. ಅದರಲ್ಲಿ, ಹೊಲಿಗೆ ಪಾಠದ ಕೆಳಗೆ, ಹಳೆಯ ಚೀಟಿ ಹರಿದುಹಾಕಿ ಎಂದಿತ್ತು, ಹೊಸ ಲಿಂಕ್ ಇತ್ತು. ಓರಗಿತ್ತಿ ಹಟ ಹಿಡಿದು ಸೇರಿಸಿದ ಇನ್ನೆರಡು ವಾಕ್ಯವಿತ್ತು: "ಇದನ್ನು ಯಾರು ತೆರೆದರು, ಯಾವಾಗ ತೆರೆದರು ಎಂದು ಇನ್ನು ಮುಂದೆ ಎಲ್ಲೂ ಬರೆದಿಡುವುದಿಲ್ಲ. ನಮಗೂ ಗೊತ್ತಾಗುವುದಿಲ್ಲ."

ಮಂಗಳವಾರ ಮೂರೂಕಾಲಿಗೆ ಅಂಕಿ ಒಂದು ಏರಿತು. ಓರಗಿತ್ತಿ ಶಾಲೆಗೆ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು. ಹತ್ತು ನಿಮಿಷ ಕಾದು, ಅಳಿಸುವ ಗುಂಡಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿ, ಮೌಸನ್ನು ದೊಡ್ಡಕ್ಕನ ಕಡೆಗೆ ಸರಿಸಿದಳು.

"ನೀವೇ ಒತ್ತಿ ಅಕ್ಕ. ನಾನು ಒತ್ತಿದ್ರೆ ಜನ್ಮಪೂರ್ತಿ ಬೈತೀರ."

ದೊಡ್ಡಕ್ಕ ಒತ್ತಿದಳು. ಸೂಜಿ ಎಂಬ ಸಾಲು ಪರದೆಯಿಂದ ಹೋಯಿತು. ಹೆತ್ತ ಮಗಳನ್ನು ತಾನೇ ಬಾಗಿಲು ತೆಗೆದು ಕತ್ತಲಿಗೆ ಕಳಿಸಿದ ಹಾಗಾಯಿತು ಅವಳಿಗೆ.

ಮುಂದಿನ ಮಂಗಳವಾರ ಮೂರೂಕಾಲಾಯಿತು, ಮೂರೂವರೆಯಾಯಿತು. ಪರದೆಯಲ್ಲಿ ನೋಡಲು ಏನೂ ಇರಲಿಲ್ಲ. ದೊಡ್ಡಕ್ಕ ಡಬ್ಬಿ ಬಿಚ್ಚದೆ ಮನೆಗೆ ಒಯ್ದಳು. ಆ ವಾರವಿಡೀ ಮನೆಯಲ್ಲಿ ಓರಗಿತ್ತಿಯರ ಬದಲು ಪಾತ್ರೆಗಳೇ ಮಾತಾಡಿಕೊಂಡವು. ಎರಡನೆಯ ಮಂಗಳವಾರವೂ ಹಾಗೆಯೇ ಹೋಯಿತು. ಸೂಜಿಯ ಬೀದಿಯವರೆಗೆ ಹೋಗಿ ಬರಲೇ ಎಂದು ಚಪ್ಪಲಿ ಮೆಟ್ಟಿದವಳು, ತನ್ನನ್ನು ಕಂಡರೆ ಗಂಡನಿಗೆ ಗುಮಾನಿ ಬಂದೀತೆಂದು ಮೆಟ್ಟಿಲಿನಿಂದಲೇ ಹಿಂದೆ ಬಂದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಯಾರೋ ನಿಧಾನವಾಗಿ ಮೆಟ್ಟಿಲು ಹತ್ತುವ ಸದ್ದಾಯಿತು. ಬಾಗಿಲಲ್ಲಿ ಸೂಜಿ ನಿಂತಿದ್ದಳು. ಹೆಗಲ ಮೇಲೆ ನಿದ್ದೆ ಹೋದ ಮಗು, ಕೈಯಲ್ಲಿ ಒಂದು ಚೀಲ. ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಹಳೆಯ ಪೆಟ್ಟು.

ದೊಡ್ಡಕ್ಕನ ಬಾಯಿಂದ ಮೊದಲು ಬಂದದ್ದು ಸ್ವಾಗತವಲ್ಲ, ತಪ್ಪೊಪ್ಪಿಗೆ. "ಹೊಸ ಲಿಂಕ್ ಸಿಕ್ತೇನೇ? ತೆರೆದ್ಯಾ? ನನಗೆ ಏನೂ ಗೊತ್ತಾಗ್ಲಿಲ್ವಲ್ಲೇ ತಾಯಿ."

"ತೆರೀಲಿಲ್ಲ ಅಕ್ಕ. ಅದರಲ್ಲಿರೋದೆಲ್ಲ ನನಗೆ ಮೊದಲನೇ ವಾರವೇ ಬಾಯಿಪಾಠ."

"ಮತ್ತೆ ವಾರ ವಾರ ಯಾಕೆ ತೆರೀತಿದ್ದೆ?"

"ನೀನು ತೆರೆದ್ರೆ ನನಗಿಲ್ಲಿ ಕಾಣತ್ತೆ ಅಂತ ನೀವೇ ಹೇಳಿದ್ರಲ್ಲ." ಸೂಜಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. "ಇದೀನಿ ಅಂತ ಹೇಳಕ್ಕೆ ತೆರೀತಿದ್ದೆ. ಅಕ್ಕ ನೋಡ್ತಾ ಇದಾರೆ, ಇನ್ನೊಂದು ವಾರ ತಡ್ಕೊಳ್ಳೋಣ ಅನ್ಕೋತಿದ್ದೆ. ಇನ್ಮೇಲೆ ಯಾರಿಗೂ ಕಾಣಲ್ಲ ಅಂತ ಓದಿದ್ಮೇಲೆ ಎರಡು ವಾರ ಅಳ್ತಾ ಕೂತೆ. ಆಮೇಲೆ ಎದ್ದು ಬಂದೆ."

ದೊಡ್ಡಕ್ಕನಿಗೆ ಅಳು ಬಂತು. ಮುಚ್ಚಿಡಲು ಹೋಗದೆ ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು, ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು.