ಒಂಬತ್ತನೇ ಪುಟ, ನಾಲ್ಕನೇ ಸಾಲು

ಪವಮಾನ ಬಟನ್ ಒತ್ತುವ ಮೊದಲೇ ಪರದೆಯ ಮೇಲಿನ ಸೈನಿಕ ಓಡಿಹೋಗಿ ಕಂದಕಕ್ಕೆ ಬಿದ್ದ. ಬೆಳಗಿನಿಂದ ಇದು ಹದಿನೇಳನೇ ಸಲ. ಹಳೆಯ ಆಟಗಳೆಲ್ಲ ಆಗಿನ ಕಂಪ್ಯೂಟರುಗಳ ನಡಿಗೆಗೆ ಒಗ್ಗಿದವು. ಈಗಿನ ಯಂತ್ರದ ಮೇಲೆ ಹಾಕಿದರೆ ಹುಚ್ಚು ಹಿಡಿದ ಹಾಗೆ ಓಡುತ್ತವೆ. ಪವಮಾನನಿಗೆ ಕಂಪ್ಯೂಟರನ್ನು ಎತ್ತಿ ಗಾಂಧಿನಗರದ ಬೀದಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

"ಕಾಲೇಜಿನ ಕೆಲಸಕ್ಕ ಇಷ್ಟು ತಲಿ ಕೆಡಿಸಿಕೊಂಡಿದ್ರ ಇಷ್ಟೊತ್ತಿಗೆ ಸೂಪರಿಂಟೆಂಡೆಂಟ್ ಆಗಿರ್ತಿದ್ರಿ," ಎಂದಳು ಹೆಂಡತಿ ಶ್ರೀವಾಣಿ, ಚಹಾದ ಲೋಟ ಇಡುತ್ತ.

"ಇದೊಂದು ಮುಗೀಲಿ, ಆಮೇಲೆ ಆಗ್ತೀನಿ."

ಮುಗಿಯುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ. ಸಿರುಗುಪ್ಪದ ಹಳೇ ಮನೆ ಮಾರುವಾಗ ತಂದ ಟ್ರಂಕಿನಲ್ಲಿ ಆಟದ ಫ್ಲಾಪಿಗಳು ಸಿಕ್ಕಿದ್ದವು. ಅವುಗಳನ್ನು ತೂರಿಸಲು ಈಗಿನ ಕಂಪ್ಯೂಟರಿಗೆ ಬಾಯೇ ಇಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ತರಿಸಿದ. ಮೂರನೇ ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ಹತ್ತಿಯಿಂದ ಒರೆಸಿ ಒರೆಸಿ ಓದಿಸಿದ. ಆಗ ಕಂಪ್ಯೂಟರು, ಇದು ನನ್ನಲ್ಲಿ ನಡೆಯುವುದಿಲ್ಲ ಎಂದು ಖಡಾಖಂಡಿತ ಹೇಳಿತು. ಹಳೇ ಕಂಪ್ಯೂಟರಿನ ವೇಷ ಹಾಕುವ ಒಂದು ತಂತ್ರಾಂಶ ಇಳಿಸಿಕೊಂಡ. ಆಟ ಶುರುವಾಯಿತು, ಆದರೆ ಸದ್ದು ಕಿವಿ ಹರಿಯುವಂತೆ ಕಿರುಚಿತು. ಅದನ್ನು ಅಡಗಿಸಿದರೆ ಈಗ ಈ ಓಟ.

ಇಷ್ಟೆಲ್ಲ ಒದ್ದಾಟ ಹುಲುಗೇಶನಿಗಾಗಿ. ಇಬ್ಬರೂ ಸಿರುಗುಪ್ಪದ ಸಾಲೆಯಲ್ಲಿ ಒಂದೇ ಬೆಂಚಿನವರು. ಪವಮಾನನ ಚಿಕ್ಕಪ್ಪ ಮದರಾಸಿನಿಂದ ಕಂಪ್ಯೂಟರು ತಂದುಕೊಟ್ಟ ವರ್ಷ ದಿನಾ ಸಂಜೆ ಕೂಡಿ ಈ ಆಟ ಆಡಿದವರು. ಅದಕ್ಕೆ ಅವರಿಟ್ಟ ಹೆಸರು ಕ್ವಾಟಿ ಆಟ, ಅಂದರೆ ಕೋಟೆಯ ಆಟ. ಆಮೇಲೆ ಬೇರೆ ಬೇರೆ ಊರಾದರು. ಹೋದ ಚುನಾವಣೆಯಲ್ಲಿ ರಾರಾವಿಯ ಮತಗಟ್ಟೆಗೆ ಡ್ಯೂಟಿ ಬಿದ್ದಾಗ ನೋಡಿದರೆ, ಮತಗಟ್ಟೆಯ ಮುಖ್ಯಾಧಿಕಾರಿ ಇದೇ ಹುಲುಗೇಶ್, ಬಾದನಹಟ್ಟಿ ಹೈಸ್ಕೂಲಿನ ಗಣಿತದ ಮಾಸ್ತರ. ಪವಮಾನ ಖುಷಿಯಲ್ಲಿ ಎಲ್ಲ ಸಿಬ್ಬಂದಿಗೂ ಹೇಳಿಕೊಂಡು ತಿರುಗಿದ್ದ: "ನಾವಿಬ್ಬರೂ ಕೂಡಿ ಕಂಪ್ಯೂಟರ್ ಗೇಮ್ ಆಡಿದವ್ರು, ಆ ಕಾಲಕ್ಕ!" ಆ ಹುಮ್ಮಸ್ಸಿನಲ್ಲೇ, ಅದನ್ನ ಮತ್ತ ಚಾಲೂ ಮಾಡ್ತೀನಿ ಎಂದು ಮಾತು ಕೊಟ್ಟಿದ್ದ.

ಅಲ್ಲಿಂದ ತಿಂಗಳಿಗೊಂದು ಫೋನು. ಯೋಗಕ್ಷೇಮ ಮುಗಿದ ಕೂಡಲೇ ಹುಲುಗೇಶ್ ಕೇಳುತ್ತಿದ್ದ, "ಆಟ ಚಾಲು ಆತೇನಲೇ?" ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಪವಮಾನ ನಕ್ಕುಬಿಡುತ್ತಿದ್ದ. ಈಗ ಹುಲುಗೇಶನಿಗೆ ಬಡ್ತಿಯಾಗಿ ಬೀದರಿಗೆ ವರ್ಗವಾಗಿತ್ತು, ಸೋಮವಾರ ಹೊರಡುವವನಿದ್ದ. ಉಳಿದಿದ್ದು ಎರಡೇ ದಿನ.

ವೇಗ ಇಳಿಸಿದರೆ ಸೈನಿಕ ಆಮೆಯಾಗುತ್ತಿದ್ದ, ಏರಿಸಿದರೆ ಕಂದಕ. ಮಧ್ಯಾಹ್ನದ ಹೊತ್ತಿಗೆ ಹೇಗೋ ನಡುವಿನ ಹದ ಸಿಕ್ಕಿತು. ಸೈನಿಕ ಕಂದಕ ಜಿಗಿದು ಕೋಟೆಯ ಮೊದಲ ಬಾಗಿಲ ಮುಂದೆ ನಿಂತ. ಆಗ ಪರದೆಯ ಮೇಲೆ ಪ್ರಶ್ನೆ ಬಂತು: ಪುಸ್ತಕದ ಒಂಬತ್ತನೇ ಪುಟ, ನಾಲ್ಕನೇ ಸಾಲಿನ ಎರಡನೇ ಪದ ಯಾವುದು?

ಪವಮಾನ ಹಣೆ ಬಡಿದುಕೊಂಡ. ಇದು ಮರೆತೇಹೋಗಿತ್ತು. ಆಟವನ್ನು ಕದ್ದು ನಕಲು ಮಾಡಿದವರನ್ನು ಹಿಡಿಯಲು ಪ್ರತಿ ಬಾಗಿಲಲ್ಲೂ ಆಟದ ಜೊತೆ ಡಬ್ಬಿಯಲ್ಲಿ ಬಂದ ಪುಸ್ತಕದಿಂದ ಒಂದು ಪದ ಕೇಳುತ್ತಿದ್ದರು. ಪುಸ್ತಕವೇನೋ ಟ್ರಂಕಿನಲ್ಲಿತ್ತು, ಆದರೆ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿತ್ತು. ಬ್ಲೇಡು ತೂರಿಸಿದ, ಹಬೆ ಹಿಡಿದ. ಹಾಳೆ ಬಿಟ್ಟರೂ ಅಕ್ಷರ ಎದುರಿನ ಹಾಳೆಗೆ ಹೋಗುತ್ತಿತ್ತು. ಸಿರುಗುಪ್ಪದ ಆ ಬಿಸಿಲಲ್ಲಿ ಅಟ್ಟದ ಮೇಲಿನ ಟ್ರಂಕಿಗೆ ಈ ಥಂಡಿ, ಈ ತೇವ ಎಲ್ಲಿಂದ ಬಂತೋ ಎಂದು ಶಪಿಸಿದ. ಇಂಟರ್ನೆಟ್ಟಿನಲ್ಲಿ ಆ ಆಟದ ಹೆಸರು ಕೇಳಿದವರೇ ಇರಲಿಲ್ಲ. ಮೂರು ಪದ ಊಹಿಸಿ ಹೊಡೆದ. ಮೂರೂ ತಪ್ಪಾಗಿ ಆಟ ಅವನನ್ನು ಹೊರಗೆ ಹಾಕಿತು.

ಬೇರೆ ದಾರಿಯಿಲ್ಲದೆ ಫೋನ್ ಮಾಡಿದ. ದಿಢೀರನೆ ತೋರಿಸಿ ಬೆರಗುಗೊಳಿಸುವ ಆಸೆ ಅಲ್ಲಿಗೇ ಮುಗಿಯಿತು.

"ಒಂಬತ್ತು, ನಾಲ್ಕು, ಎರಡಾ?" ಹುಲುಗೇಶ್ ಉಸಿರೂ ಎಳೆದುಕೊಳ್ಳಲಿಲ್ಲ. "ಲ್ಯಾಂಟರ್ನ್. ಹನ್ನೊಂದು, ಎರಡು, ಐದು ಕೇಳಿದ್ರ ಬ್ರಿಡ್ಜ್. ಎಲ್ಲಾ ಬಾಯಾಗ ಐತಿ. ಆದ್ರ ಈಗ ಹೊಡೀಬ್ಯಾಡಲೇ. ನಾಳೆ ನಾನ ಬರ್ತೀನಿ."

ಮರುದಿನ ಹತ್ತು ಗಂಟೆಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ಒಂದು ಕ್ಷಣ ನಿಂತ.

"ಬರ್ರಿ ಸರ, ಒಳಗ ಬರ್ರಿ," ಎಂದಳು ಶ್ರೀವಾಣಿ.

ಪವಮಾನ ಎರಡು ಕುರ್ಚಿ ಹಾಕಿದ್ದ. ರೂಢಿಯಂತೆ ಕೀಬೋರ್ಡಿನ ಮುಂದೆ ತಾನು ಕೂತು, ಕಂದಕ ದಾಟಿಸಿ, ಬಾಗಿಲ ಮುಂದೆ ಸೈನಿಕನನ್ನು ನಿಲ್ಲಿಸಿದ. ಹುಲುಗೇಶ್ ಮೇಜಿನ ಮೇಲಿನ ಪುಸ್ತಕ ಎತ್ತಿ ತಿರುಗಿಸಿ ನೋಡಿದ.

"ನೋಡು ಹುಲುಗ್ಯಾ, ಥಂಡಿ ಹಿಡಿದು ಹೆಂಗಾಗೇದ."

"ಥಂಡಿ ಅಲ್ಲಲೇ ಇದು. ನನ್ನ ಕೈಯಾಗಿಂದ ಇಸಗೊಂಡ್ಕೂಡ್ಲೇ ನಿಮ್ಮಮ್ಮ ದಿನಾ ನೀರು ಚಿಮುಕಸ್ತಿದ್ರಲ್ಲ. ನುಣುಪು ಹಾಳಿ, ನೀರು ಕುಡುದ್ರ ಅಂಟ್ಗೊಂತೈತಿ." ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುವಷ್ಟೇ ಸಲೀಸಾಗಿ ಹೇಳಿದ.

ಪವಮಾನನ ಮುಖ ಬಿಸಿಯಾಯಿತು. ಅಮ್ಮ ತಂಬಿಗೆ ಹಿಡಿದು ನಿಲ್ಲುತ್ತಿದ್ದದ್ದು ಅವನಿಗೆ ನೆನಪಿಲ್ಲದೆ ಏನಿಲ್ಲ. ಆಟಕ್ಕೆ ತಡವಾಗುತ್ತದೆಂದು ಅವಳ ಮೇಲೆ ರೇಗುತ್ತಿದ್ದ, ಅಷ್ಟೇ. ಆಗೆಲ್ಲ ಹುಲುಗೇಶ್ ಹೊರಗಿನ ಕಟ್ಟೆಯ ಮೇಲೆ ನಿಂತು ಕಿಟಕಿಯ ಸರಳಿನಾಚೆಯಿಂದ ಪದ ಓದಿ ಹೇಳುತ್ತಿದ್ದ. ಅವನ ಇಂಗ್ಲಿಷು ಚೆನ್ನಾಗಿತ್ತು, ಅದಕ್ಕೇ ಪುಸ್ತಕ ಅವನ ಪಾಲಿಗೆ ಬಂದದ್ದು ಎಂದೇ ಇಷ್ಟು ವರ್ಷ ಪವಮಾನ ನಂಬಿದ್ದ.

ಹುಲುಗೇಶ್ ಆಗಲೇ ಪರದೆಯತ್ತ ಬಗ್ಗಿದ್ದ.

"ಇಂವನಾ ಆ ಸೈನಿಕ?"

"ಹೂಂ. ಯಾಕ?"

"ಎಷ್ಟ್ ಸಣ್ಣಾಂವದಾನಲೇ! ನೀ ಒಳಗ ಒದರಾದು ಕೇಳಿ ಭಾರಿ ಆಳು ಇರಬೇಕು ಅಂದ್ಕೊಂಡಿದ್ದೆ. ಕಿಟಕ್ಯಾಗಿಂದ ನನಗ ಕಾಣ್ತಿದ್ದದ್ದು ನಿನ್ನ ಮಾರಿ, ಕಂಪ್ಯೂಟರಿನ ಬೆನ್ನು."

ಪವಮಾನ ಎದ್ದು ನಿಂತ. "ನೀ ಇಲ್ಲಿ ಕೂಡು," ಎಂದ.

ಹುಲುಗೇಶ್ ಕೂತ. ಪದವನ್ನು ಒಂದೇ ಬೀಸಿಗೆ ಟೈಪು ಮಾಡಿದ. ಬಾಗಿಲು ತೆರೆಯಿತು. ಸೈನಿಕ ಒಳಗೆ ಹೋಗದೆ ನಿಂತೇ ಇದ್ದ. ಹುಲುಗೇಶನ ಬೆರಳುಗಳು ಕೀಬೋರ್ಡಿನ ಮೇಲೆ ಗಾಳಿಯಲ್ಲೇ ತಡೆದವು.

"ಮುಂದ ಯಾವುದು ಒತ್ತಬೇಕು?"

"ಬಲಗಡೆ ಬಾಣದ್ದು," ಎಂದ ಪವಮಾನ. "ಜಿಗೀಲಿಕ್ಕೆ ಆ ಉದ್ದಂದು."

ಒಂದೇ ಬೆರಳಿನಲ್ಲಿ ಹುಲುಗೇಶ್ ಒತ್ತಿದ. ಸೈನಿಕ ಒಂದು ಹೆಜ್ಜೆ ಇಟ್ಟು ನಿಂತ. ಇನ್ನೊಂದು ಹೆಜ್ಜೆ. ಅಡುಗೆಮನೆಯಿಂದ ಶ್ರೀವಾಣಿ, ಮಂಡಾಳೊಗ್ಗರಣಿ ಆರ್ತದ ಬರ್ರಿ ಎಂದು ಕೂಗಿದಳು. ಇಬ್ಬರೂ ಏಳಲಿಲ್ಲ.

"ಹುಲುಗೇಶಾ," ಎಂದು ಪವಮಾನ ಶುರು ಮಾಡಿದ, "ನಾನು ಆಗ..."

"ಸುಮ್ಕಿರಲೇ, ಇಂವ ಬೀಳ್ತಾನ," ಎಂದ ಹುಲುಗೇಶ್, ಪರದೆಯಿಂದ ಕಣ್ಣು ಕೀಳದೆ. ಸೈನಿಕ ಬಾಗಿಲೊಳಗಿನ ಎರಡನೇ ಕಂದಕದ ನೀರಿನ ಅಂಚಿಗೆ ಬಂದು ನಿಂತಿದ್ದ.