ಸುಂದರಾಬಾಯಿಯ ದಾರಿ

“ಅವ್ವನ ತಲಿ ಸಂಭಾಳಿಸ್ರಿ!” ಚಟ್ಟವನ್ನು ವ್ಯಾನಿಗೆ ಏರಿಸುತ್ತಿದ್ದವರಿಗೆ ನೀಲಾ ಕೂಗಿ ಹೇಳಿದಳು.

ಸ್ಮಶಾನಕ್ಕೆ ಹೋಗುವಾಗ ನಡುದಾರಿಯಲ್ಲಿ ಒಮ್ಮೆ ಚಟ್ಟ ಇಳಿಸುವುದು ಅವರ ಮನೆತನದ ರೂಢಿ. ಆ ಜಾಗ ಮಕ್ಕಳ ಆಸ್ಪತ್ರೆಯ ಮುಂಬಾಗಿಲೇ ಆಗಬೇಕೆಂದು ನೀಲಾ ಹಟ ಹಿಡಿದಿದ್ದಳು. ತಾಯಿ ಸುಂದರಾಬಾಯಿ ಅಲ್ಲಿ ಇಪ್ಪತ್ತೇಳು ವರ್ಷ ಆಯಾ ಆಗಿದ್ದಳು.

ಕಾಕಾ ಪ್ರಾಣೇಶ ದನಿ ತಗ್ಗಿಸಿದ. “ನನ್ನ ಮಗ ಹೇಮಂತನ ಹೈಟೆಕ್ ಸಿಟಿ ಕಂಪನಿ ಗೆಳ್ಯಾರು ಬಂದಾರ. ನಿಮ್ಮವ್ವ ಆಫೀಸಿನ್ಯಾಗ ಇದ್ಲು ಅಂತ ಹೇಳೀನಿ. ಈಗ ಆಯಾ ಅಂತ ಡಂಗುರ ಸಾರ್ತೀಯೇನು?”

“ಸಾರ್ತೀನಿ ಕಾಕಾ. ನೀವು ಮುಚ್ಚಿಟ್ಟಿದ್ದು ಸಾಕು.”

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಉಷಾ ಆಟೋದಿಂದ ಇಳಿದು ಬಂದಳು. “ನೀಲಾ, ಗೇಟಿನ ಮುಂದ ನಮ್ಮವರೆಲ್ಲ ನಿಂತಾರ. ಆದ್ರ ಮಕ್ಕಳು ವರಾಂಡಾದಾಗ ಬಿಸಿಲಿಗೆ ಕುಂತಾವ. ಗೇಟು ಎದುರಿಗೇ ಕಾಣ್ತದ. ಏನು ಮಾಡೂಣು?”

ನೀಲಾ ವ್ಯಾನಿನೊಳಗೆ ಬಾಗಿ ಅವ್ವನ ಮುಖ ನೋಡಿದಳು.

*

ಹತ್ತು ವರ್ಷದವಳಿದ್ದಾಗ ಶಾಲೆಗೆ ರಜೆಯಿದ್ದರೆ ಅವಳು ಅವ್ವನ ವಾರ್ಡಿನ ಮೂಲೆಯಲ್ಲೇ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಕಿಟಕಿ ಪಕ್ಕದ ಮಗು ಉಸಿರು ನಿಲ್ಲಿಸಿತು. ಸುಂದರಾಬಾಯಿ ಅದನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, “ಸೋ ಗಯಾ, ಶೋರ್ ನಕ್ಕೋ” — ಮಲಗ್ಯಾದ, ಗದ್ದಲ ಬ್ಯಾಡ — ಎನ್ನುತ್ತ ಮಂಚಗಳ ನಡುವೆ ನಿಧಾನ ನಡೆದಳು. ಹಡೆದವಳು ಸೆರಗು ಕಚ್ಚಿ ಹಿಂದೆ ಹೋದಳು. ಹಿಂಬಾಗಿಲು ದಾಟಿದ ಮೇಲೆಯೇ ಇಬ್ಬರೂ ಕುಸಿದು ಕುಳಿತು ಅತ್ತರು.

“ಒಳಗ ಹನ್ನೊಂದು ಮಕ್ಕಳು ಮನಿಗೆ ಹೋಗೋ ದಾರಿ ನೋಡಾಕತ್ತಾವ, ನೀಲಾ,” ಎಂದಿದ್ದಳು ಅವ್ವ, ಮುಖ ಒರೆಸಿಕೊಂಡು. “ಅವು ಹೆದರಬಾರದು.”

*

ನೀಲಾ ಡ್ರೈವರನಿಗೆ ತೆಲುಗಿನಲ್ಲಿ ಹೇಳಿದಳು: ಆಸ್ಪತ್ರೆಯ ಹಿಂದಿನ ಓಣಿಗೆ. ಉಷಾ ಗೇಟಿನವರನ್ನು ಅಲ್ಲಿಗೆ ಕರೆತರಲು ಮುಂದೆ ಹೋದಳು.

“ಈಗ ಬುದ್ಧಿ ಬಂತು ನೋಡು,” ಎಂದ ಪ್ರಾಣೇಶ.

“ನಿಮ್ಮ ಸಲುವಾಗಿ ಅಲ್ಲ ಕಾಕಾ.” ಹೇಮಂತನ ಗೆಳೆಯರಿಗೆಲ್ಲ ಕೇಳುವಂತೆ ಅವಳು ಗಟ್ಟಿಯಾಗಿ ಹೇಳಿದಳು: “ನಮ್ಮವ್ವ ಮಕ್ಕಳ ಆಸ್ಪತ್ರಿ ಆಯಾ ಇದ್ಲು. ಆಯಾ ಹೋಗೋ ದಾರಿಯಿಂದನ ಹೋಗ್ತಾಳ.”

ಹಿಂಬಾಗಿಲಲ್ಲಿ ಡಾಕ್ಟರರು, ನರ್ಸುಗಳು, ಕಸ ಗುಡಿಸುವವರು ಒಂದೇ ಸಾಲಿನಲ್ಲಿ ನಿಂತಿದ್ದರು. ಚಟ್ಟ ಇಳಿಸಿದಾಗ ಹೇಮಂತ ಬೂಟು ಕಳಚಿದ. ಅವನ ಗೆಳೆಯರೂ ಕಳಚಿದರು. ಪ್ರಾಣೇಶ ಎಲ್ಲರನ್ನೂ ಒಮ್ಮೆ ನೋಡಿ, ಕೈಮುಗಿದ.

ಕಟ್ಟಡದ ಆಚೆ, ವರಾಂಡಾದಲ್ಲಿ, ಯಾವುದೋ ಮಗು ಕಿಲಕಿಲ ನಕ್ಕಿತು. ಇನ್ನೊಂದು ಸೇರಿಕೊಂಡಿತು. ಓಣಿಯಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಒಬ್ಬರೂ ಸದ್ದು ಮಾಡಲಿಲ್ಲ.